ಅಚಲವು ಚಲಿಸುವ ನಾಡಿನಲ್ಲಿ

ಹಿಂದಿನ ಎರಡು ಸಂಚಿಕೆಗಳಲ್ಲಿ ನಮ್ಮ ಲೇಖನವು ಬಾರದೆ ಹೋದುದಕ್ಕೆ ವಾಚಕರು ಮನ್ನಿಸಬೇಕು. ಕೆಲವರು ಸಂಪಾದಕರಿಗೆ ಕಾಗದ ಬರೆದು, "ಮೇಷ್ಟರು ಆರೋಗ್ಯವಾಗಿರುವರಷ್ಟೆ?" ಎಂದು ವಿಚಾರಿಸಿದರಂತೆ. ಅವರ ವಿಶ್ವಾಸಕ್ಕೆ ನಾವು ಋಣಿಗಳು. ನಮ್ಮ ದೇಹಕ್ಕೆ ಯಾವ ಬಾಧೆಯೂ ಇರಲಿಲ್ಲ. ದೇಹವು ಊರಿನಲ್ಲಿರಲಿಲ್ಲ, ಅಷ್ಟೆ. ನಮ್ಮ ಮಗಳೂ ಅಳಿಯನೂ ಕೆಲವು ವರ್ಷಗಳಿಂದ ನಾರ್ವೆ ದೇಶದ ಬೆರ್ಗೆನ್ ಪಟ್ಟಣದಲ್ಲಿ ನೆಲೆಸಿರುವರು. "ಇನ್ನು ಮೇಲೆ ಪಾಠಶಾಲೆಯ ಗಂಟೆಯು ನಿಮ್ಮನ್ನು ಕರೆಯುವುದಿಲ್ಲವಲ್ಲ ಅಪ್ಪಾ, ಈ ಬೇಸಗೆಯನ್ನಾದರೂ ಅಮ್ಮನೊಡನೆ ಬಂದು ನಮ್ಮಲ್ಲಿ ಕಳೆಯಿರಿ" ಎಂದು ಮಗಳು ಒತ್ತಾಯಪಡಿಸಿದಳು. ಕಳೆದ ವರ್ಷವಷ್ಟೇ ನಾವು ಉದ್ಯೋಗದಿಂದ ನಿವೃತ್ತರಾದೆವು. ಆ 'ನಿವೃತ್ತ' ಎಂಬ ಶಬ್ದವು ನಮ್ಮ ಮನಸ್ಸಿಗೆ ಮುಳ್ಳಿನಂತಿದ್ದಿತು. ಯಾರಾದರೂ ಹಾಗೆಂದು ಪರಿಚಯ ಮಾಡಿಸಿದರೆ, ಉಪಯೋಗವು ಮುಗಿದ ಹಳೆಯ ಪುಸ್ತಕವನ್ನು ಕಪಾಟಿನ ಮೇಲಣ ಅಟ್ಟಕ್ಕೆ ಏರಿಸಿದಂತೆ ನಮಗೆ ತೋರುತ್ತಿತ್ತು. ಆ ಮುಳ್ಳು ಎಲ್ಲಿ ಹೇಗೆ ಕಳಚಿತೆಂಬುದನ್ನು ಈ ಲೇಖನದ ಕೊನೆಯಲ್ಲಿ ಹೇಳುವೆವು.

ನಾರ್ವೆಯು ಯೂರೋಪು ಖಂಡದ ವಾಯವ್ಯದ ಅಂಚಿನಲ್ಲಿರುವ ದೇಶ. ಭೂಪಟದಲ್ಲಿ ಅದರ ಪಶ್ಚಿಮ ತೀರವನ್ನು ನೋಡಿದರೆ ಇಲಿ ಕಡಿದ ರೊಟ್ಟಿಯ ಅಂಚಿನಂತೆ ಕಾಣುವುದು. ಕಡಲು ಬೆಟ್ಟಗಳ ನಡುವೆ ಕಿರುದಾರಿ ಮಾಡಿಕೊಂಡು ಬಹುದೂರ ಒಳನಾಡಿಗೆ ನುಗ್ಗಿರುತ್ತದೆ. ಇಂತಹ ಕಡಲ ತೋಳಿಗೆ ಆ ದೇಶದವರು 'ಫಿಯೋರ್ಡ್' ಎನ್ನುವರು. ಎರಡು ಕಡೆಯಲ್ಲಿಯೂ ಗೋಡೆಯಂತೆ ನಿಂತ ಬಂಡೆ. ನಡುವೆ ಅಲುಗದ ಕಪ್ಪು ನೀರು. ಮೇಲೆ, ಬೇಸಗೆಯಲ್ಲಿಯೂ ಕರಗದ ಬಿಳಿಯ ಮಂಜು. ಇವುಗಳಲ್ಲಿ ಹಿರಿದಾದ ಸೋಗ್ನೆ ಫಿಯೋರ್ಡು ಸಮುದ್ರದಿಂದ ಒಳಕ್ಕೆ ಇನ್ನೂರು ಕಿಲೋಮೀಟರಿಗೂ ಮಿಗಿಲಾಗಿ ಚಾಚಿಕೊಂಡಿದೆ. ಅದರ ಅತ್ಯಂತ ಆಳವು ಸುಮಾರು ೧,೩೦೦ ಮೀಟರು.

ಇಷ್ಟು ಆಳವನ್ನು ತೋಡಿದವರಾರು? ಮಂಜು. ಲಕ್ಷಾಂತರ ವರ್ಷಗಳ ಕಾಲ ಮರಳಿ ಮರಳಿ ಬಂದ ಹಿಮಯುಗಗಳಲ್ಲಿ ಈ ನಾಡೆಲ್ಲವೂ ಮಂಜುಗಡ್ಡೆಯ ಅಡಿಯಲ್ಲಿದ್ದಿತು. ಮಂಜುಗಡ್ಡೆಯು ಬಿದ್ದಲ್ಲಿಯೇ ಬಿದ್ದಿರುವ ವಸ್ತುವಲ್ಲ. ತನ್ನ ಭಾರಕ್ಕೆ ತಾನೇ ಇಳಿಜಾರಿನತ್ತ ಮೆಲ್ಲಮೆಲ್ಲನೆ ಹರಿಯುವುದು. ಹರಿಯುವಾಗ ತಳದಲ್ಲಿ ಕಲ್ಲುಗಳನ್ನು ಕಚ್ಚಿ ಹಿಡಿದುಕೊಂಡು, ಬಡಗಿಯ ಉಜ್ಜುಗೊರಡಿನಂತೆ ಬಂಡೆಯನ್ನು ಹೆರೆಯುತ್ತ ಹೋಗುವುದು. ಪೂರ್ವದ ನದಿಗಳ ಕಣಿವೆಗಳನ್ನೇ ಹಿಡಿದು ಮಂಜು ಅವುಗಳನ್ನು ಆಳಗೊಳಿಸಿತು. ಕಡಲಿನ ಬಾಯಿಯ ಹತ್ತಿರ ಅದು ತೆಳುವಾಗಿ ಹರಡಿಕೊಂಡುದರಿಂದ ಅಲ್ಲಿ ಅದರ ಬಲವು ಕುಂದಿತು. ಈ ಕಾರಣದಿಂದಲೇ ಫಿಯೋರ್ಡುಗಳು ಒಳಭಾಗದಲ್ಲಿ ಬಹಳ ಆಳವಾಗಿಯೂ ಬಾಯಿಯಲ್ಲಿ ಹೊಸ್ತಿಲಿಟ್ಟಂತೆ ಮೇಲಾಗಿಯೂ ಇರುವುವು. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಆ ಮಹಾಹಿಮವು ಕರಗಿ ಹಿಂದೆ ಸರಿಯಲು, ತೆರವಾದ ಕಣಿವೆಗಳನ್ನು ಕಡಲು ತುಂಬಿತು.

ಸಂಸ್ಕೃತದ ಮೇಷ್ಟರಿಗೆ ಎಲ್ಲಿ ಹೋದರೂ ಶಬ್ದದ ಚಪಲವು ಬಿಡದು. 'ಫಿಯೋರ್ಡ್' ಎಂಬ ಮಾತಿನ ಮೂಲವನ್ನು ಹುಡುಕಿದೆವು. ದಾಟುವುದು ಎಂಬ ಅರ್ಥದ ಒಂದು ಪುರಾತನ ಧಾತುವಿನಿಂದ ಅದು ಹುಟ್ಟಿದುದೆಂದೂ, ನಮ್ಮ 'ಪಾರ' ಶಬ್ದವು ಅದೇ ಮೂಲದ್ದೆಂದೂ ಭಾಷಾಶಾಸ್ತ್ರಜ್ಞರು ಹೇಳುವರು. ನಾವು ದಡ ಸೇರುವುದಕ್ಕೆ ಪಾರಾಗುವುದು ಎನ್ನುವೆವು. ಅವರು ಪಾರಾಗಬೇಕಾದ ನೀರಿಗೇ ಆ ಹೆಸರಿಟ್ಟರು. ಸಾವಿರಾರು ಹರದಾರಿಗಳ ಆಚೆ ಒಬ್ಬ ದಾಯಾದಿಯನ್ನು ಕಂಡಷ್ಟು ಸಂತೋಷವು ನಮಗಾಯಿತು. "ಅಲ್ಲಿಯೂ ನಿಮಗೆ ವ್ಯಾಕರಣವೇ ಸಿಕ್ಕಿತಲ್ಲ!" ಎಂದು ನಮ್ಮ ಮನೆಯವರು ನಕ್ಕರು.

ಜುಲೈ ತಿಂಗಳ ಮೊದಲಲ್ಲಿ ಒಂದು ಬೆಳಿಗ್ಗೆ, ನಾವು ದಂಪತಿಗಳೂ ಮಗಳೂ ಎಂಟು ವರ್ಷದ ಮೊಮ್ಮಗನೂ ಬೆರ್ಗೆನ್ನಿನಿಂದ ರೈಲು ಹತ್ತಿದೆವು. ೧೯೦೯ರಲ್ಲಿ ತೆರೆದ ಈ ಮಾರ್ಗವು ಬೆರ್ಗೆನ್ನನ್ನು ರಾಜಧಾನಿಯಾದ ಓಸ್ಲೋ ನಗರಕ್ಕೆ ಸೇರಿಸುವುದು. ಮಧ್ಯದಲ್ಲಿ ಮ್ಯೂರ್ದಾಲ್ ಎಂಬ ಬೆಟ್ಟದ ನಿಲ್ದಾಣದಲ್ಲಿಳಿದು ಫ್ಲೋಮಿಗೆ ಹೋಗುವ ಬೇರೆ ರೈಲನ್ನು ಹಿಡಿಯಬೇಕು. ಕೇವಲ ಇಪ್ಪತ್ತು ಕಿಲೋಮೀಟರಿನ ದಾರಿ. ಆದರೆ ಅಷ್ಟರೊಳಗೆ ಗಾಡಿಯು ೮೬೦ ಮೀಟರಿಗೂ ಹೆಚ್ಚಾಗಿ ಇಳಿದು ಕಡಲ ಮಟ್ಟಕ್ಕೆ ಬರುವುದು. ಇಪ್ಪತ್ತು ಸುರಂಗಗಳುಂಟು, ಅವುಗಳಲ್ಲಿ ಹದಿನೆಂಟನ್ನು ಬಹುಮಟ್ಟಿಗೆ ಕೈಕೆಲಸದಿಂದಲೇ ಕೊರೆದರಂತೆ. ೧೯೪೦ರಲ್ಲಿ ಗಾಡಿಗಳು ಓಡತೊಡಗಿದುವು. ಒಂದು ದೊಡ್ಡ ಜಲಪಾತದೆದುರಿಗೆ ಗಾಡಿಯನ್ನು ಕೆಲವು ನಿಮಿಷ ನಿಲ್ಲಿಸುವರು. ತುಂತುರಿನಲ್ಲಿ ಮೊಮ್ಮಗನು ಕುಣಿದಾಡಿದನು. ಅವನ ಅಜ್ಜಿಯು ಸೆರಗಿನಿಂದ ಅವನ ತಲೆಯನ್ನು ಒರೆಸುವುದರಲ್ಲಿಯೇ ಆ ನಿಮಿಷಗಳನ್ನು ಕಳೆದಳು.

ಫ್ಲೋಮಿನಿಂದ ಹಡಗು. ವಿದ್ಯುತ್ತಿನಿಂದ ನಡೆಯುವ ಈ ಹಡಗಿನಲ್ಲಿ ಹೊಗೆಯಿಲ್ಲ, ಗದ್ದಲವಿಲ್ಲ. ನ್ಯಾರೋಯ್ ಎಂಬ ಫಿಯೋರ್ಡಿನೊಳಕ್ಕೆ ಅದು ಹೊಕ್ಕಾಗ, ಬೆಟ್ಟಗಳಿಂದ ಬೀಳುವ ನೀರಿನ ಸದ್ದು ಹೊರತು ಬೇರೊಂದು ಕೇಳಿಸಲಿಲ್ಲ. ಒಂದೆಡೆಯಲ್ಲಿ ಈ ದಡದಿಂದ ಆ ದಡಕ್ಕೆ ೨೫೦ ಮೀಟರು ಮಾತ್ರ. ಸುತ್ತಲಿನ ಶಿಖರಗಳಾದರೋ ಸಾವಿರ ಮೀಟರನ್ನು ಮೀರಿದುವು. ಕತ್ತೆತ್ತಿ ನೋಡಿದರೆ ಆಕಾಶವು ಒಂದು ಓಣಿಯಂತೆ ಕಾಣುವುದು. ಈ ಫಿಯೋರ್ಡನ್ನೂ ಮುಂದೆ ಹೇಳುವ ಗೈರಾಂಗರ್ ಫಿಯೋರ್ಡನ್ನೂ ೨೦೦೫ರಲ್ಲಿ ಯುನೆಸ್ಕೋ ಸಂಸ್ಥೆಯವರು ಲೋಕದ ಪಿತ್ರಾರ್ಜಿತ ಸ್ಥಳಗಳ ಪಟ್ಟಿಗೆ ಸೇರಿಸಿದರು.

ಆಚೆಯ ದಡದಲ್ಲಿ ಅಳಿಯನು ಮೋಟಾರು ಗಾಡಿಯೊಡನೆ ಕಾದಿದ್ದನು. ಅಲ್ಲಿಂದ ದಾರಿಯು ಬೆಟ್ಟಗಳ ಹೊಟ್ಟೆಯನ್ನೇ ಹಾದು ಹೋಗುವುದು. ೨೦೦೦ದಲ್ಲಿ ತೆರೆದ ಲಾರ್ದಾಲ್ ಸುರಂಗವೊಂದೇ ೨೪.೫ ಕಿಲೋಮೀಟರು ಉದ್ದವಾಗಿದೆ. ಗಾಡಿ ನಡೆಸುವವರಿಗೆ ಮಂಪರು ಬಾರದಿರಲೆಂದು ನಡುನಡುವೆ ಮೂರು ವಿಶಾಲವಾದ ಗವಿಗಳನ್ನು ಕೊರೆದು ನೀಲಿಯ ದೀಪಗಳನ್ನಿಟ್ಟಿರುವರು. ಆ ರಾತ್ರಿ ಒಂದು ಹಳ್ಳಿಯಲ್ಲಿ ತಂಗಿದೆವು. ರಾತ್ರಿ ಎನ್ನುವುದು ವಾಡಿಕೆಯ ಮಾತು. ಆ ಋತುವಿನಲ್ಲಿ ಅಲ್ಲಿ ಸೂರ್ಯನು ಮುಳುಗುವುದು ಹನ್ನೊಂದು ಗಂಟೆಯ ಸುಮಾರಿಗೆ. ಮುಳುಗಿದ ಮೇಲೆಯೂ ಕತ್ತಲೆಯಾಗದೆ, ಮುಸ್ಸಂಜೆಯ ಬೆಳಕೇ ಉಳಿದು, ನಾಲ್ಕು ಗಂಟೆ ದಾಟುವಷ್ಟರಲ್ಲಿ ಸೂರ್ಯನು ಮರಳಿ ಬರುವನು. ಸಾಯಂಸಂಧ್ಯೆ ಯಾವುದು, ಪ್ರಾತಃಸಂಧ್ಯೆ ಯಾವುದು ಎಂದು ನಾವು ಗಡಿಯಾರವನ್ನು ಕೇಳಬೇಕಾಯಿತು.

ಮರುದಿನ ಯೋಸ್ತೆದಾಲ್ ಕಣಿವೆಗೆ ಹೋದೆವು. ಅದರ ನೆತ್ತಿಯ ಮೇಲೆ ಯೋಸ್ತೆದಾಲಿನ ಮಹಾಹಿಮವು ಹರಡಿಕೊಂಡಿದೆ. ಯೂರೋಪಿನ ಮುಖ್ಯ ಭೂಭಾಗದಲ್ಲಿ ಇದಕ್ಕಿಂತ ಹಿರಿದಾದ ಹಿಮರಾಶಿಯು ಇಲ್ಲ. ಅದರ ವಿಸ್ತಾರವು ಸುಮಾರು ೪೫೦ ಚದರ ಕಿಲೋಮೀಟರು. ಅದರಿಂದ ಕಣಿವೆಗಳಿಗೆ ಇಳಿದು ಬರುವ ಅನೇಕ ಹಿಮನದಿಗಳಲ್ಲಿ ನೀಗಾರ್ಡ್ ಎಂಬುದು ಒಂದು. 'ಗಾರ್ಡ್' ಎಂದರೆ ಬೇಸಾಯದ ಮನೆ. ಆ ಹೆಸರಿನ ಹಿಂದೆ ಒಂದು ಕುಟುಂಬದ ಕಣ್ಣೀರುಂಟು.

ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಆ ನಾಡಿನ ಹವೆಯು ಬಹಳ ಶೀತವಾಗಿದ್ದಿತು. ೧೭೧೦ರಿಂದ ೧೭೩೫ರೊಳಗೆ ಈ ಹಿಮನದಿಯು ಎರಡೂವರೆ ಕಿಲೋಮೀಟರಿಗೂ ಹೆಚ್ಚು ದೂರ ಮುಂದೊತ್ತಿ ಬಂದಿತು. ಮೊದಲು ಹುಲ್ಲುಗಾವಲು ಹೋಯಿತು. ಬಳಿಕ ಹೊಲಗಳು ಹೋದುವು. ೧೭೪೩ರಲ್ಲಿ ಮಂಜು ನೀಗಾರ್ಡಿನ ಮನೆಯನ್ನೇ ಮುರಿದು ಹಾಕಿತು. ೧೭೪೮ರಲ್ಲಿ ಅದು ನಿಂತಿತು. ಆ ಬಳಿಕ ಹಿಂದಕ್ಕೆ ಸರಿಯತೊಡಗಿತು. ನಡುವೆ, ಚಳಿಗಾಲಗಳಲ್ಲಿ ವಿಶೇಷವಾಗಿ ಹಿಮ ಬಿದ್ದುದರಿಂದ ೧೯೯೦ರ ದಶಕದಲ್ಲಿ ಕೊಂಚ ಮುಂದೆ ಬಂದುದೂ ಉಂಟು. ಆದರೆ ಭೂಮಿಯ ಶಾಖವು ಏರುತ್ತಿರುವ ಈ ಕಾಲದಲ್ಲಿ ಅದರ ಹಿಂಜರಿತವು ವೇಗವಾಗಿದೆ. ಇಂದು ಹಿಮದ ಮುಂದೆ ಹಾಲು ಬೆರೆಸಿದ ಹಸಿರು ಬಣ್ಣದ ಒಂದು ಸರೋವರವುಂಟು. ಕಳೆದ ಶತಮಾನದ ಆರಂಭದಲ್ಲಿ ಅಲ್ಲಿ ಸರೋವರವಿರಲಿಲ್ಲ, ಮಂಜೇ ಇದ್ದಿತು. ಹಿಮವು ಅರೆದ ಬಂಡೆಯ ನುಣ್ಣನೆಯ ಹಿಟ್ಟು ನೀರಿನಲ್ಲಿ ತೇಲುವುದರಿಂದ ಅದಕ್ಕೆ ಆ ಬಣ್ಣ.

ಸರೋವರದ ಅಂಚಿನ ಬಂಡೆಗಳ ಮೇಲೆ ಗುರುತು ಮಾಡಿದ ದಾರಿಯನ್ನು ಹಿಡಿದು ನಡೆದೆವು. ಬಂಡೆಗಳ ಮೈಮೇಲೆ ಉದ್ದುದ್ದನೆಯ ಗೀರುಗಳು. ಹಿಮವು ಎಳೆದ ಗೆರೆಗಳವು. ಕೊನೆಗೆ ಹಿಮವು ಕಣ್ಣಿಗೆ ಬಿದ್ದಿತು. ಅದು ಬಿಳಿಯದೆಂದು ಭಾವಿಸಿದ್ದೆವು. ಬಿರುಕುಗಳೊಳಗೆ ಅದು ನೀಲಿ. ಒತ್ತಿ ಗಟ್ಟಿಯಾದ ಮಂಜು ಬೆಳಕಿನ ಕೆಂಪು ಅಂಶವನ್ನು ಹೀರಿಕೊಂಡು ನೀಲಿಯನ್ನು ಮಾತ್ರ ಹೊರಗೆ ಬಿಡುವುದಂತೆ. ಅದನ್ನು ಮುಟ್ಟಬೇಕೆಂಬ ಆಸೆಯು ನಮಗೆ ಹುಟ್ಟಿತು. ಮೂವತ್ತು ವರ್ಷಗಳ ಕಾಲ ಹುಡುಗರಿಗೆ ಹಿಮವಂತನ ವರ್ಣನೆಯನ್ನು ಪಾಠ ಹೇಳಿದವರು ನಾವು. ಒಂದು ಹಿಮದ ಚೂರನ್ನೂ ಕೈಯಿಂದ ಮುಟ್ಟಿದವರಲ್ಲ.

ಆದರೆ ದಾರಿಗೆ ಅಡ್ಡಲಾಗಿ ಒಂದು ಹಗ್ಗವನ್ನು ಕಟ್ಟಿದ್ದರು. ಪಕ್ಕದಲ್ಲಿ ಒಂದು ಹಲಗೆ. ಹಗ್ಗವೆಂದರೆ ಮೊಣಕಾಲೆತ್ತರದ್ದು, ಯಾರೂ ಕಾವಲಿರಲಿಲ್ಲ. ನಾಲ್ಕೈದು ಮಂದಿ ಯುವಕರು ಅದನ್ನು ದಾಟಿ ಹೋಗಿ, ಹಿಮದ ಬಳಿಯಲ್ಲಿ ನಿಂತು ಭಾವಚಿತ್ರಗಳನ್ನು ತೆಗೆದುಕೊಳ್ಳುತ್ತಿದ್ದರು. ಮೊಮ್ಮಗನು ನಮ್ಮ ಕೈಯನ್ನು ಜಗ್ಗಿ, "ತಾತಾ, ಅವರೆಲ್ಲ ಹೋಗಿದ್ದಾರಲ್ಲ, ನಾವೂ ಹೋಗೋಣ" ಎಂದನು. ಸತ್ಯವನ್ನು ಮರೆಮಾಚಬಾರದು, ಹುಡುಗನು ಹೇಳುವ ಮೊದಲೇ ನಮ್ಮ ಮನಸ್ಸು ಹಗ್ಗದ ಆಚೆಗೆ ಹೋಗಿದ್ದಿತು. ಪಂಚೆಯನ್ನು ಬಿಟ್ಟು ಅಳಿಯನ ಷರಾಯಿಯನ್ನು ಹಾಕಿಕೊಂಡಿದ್ದುದರಿಂದ ದಾಟುವುದೂ ಸುಲಭವಾಗಿದ್ದಿತು. ಒಂದು ಕಾಲನ್ನು ಎತ್ತಿಯೂ ಇದ್ದೆವು.

"ಏನೂಂದ್ರೆ!" ಎಂಬ ಕೂಗು ಹಿಂದಿನಿಂದ ಬಂದಿತು. "ಮಗುವಿನ ಕೈಯನ್ನು ಹಿಡಿದುಕೊಂಡು ಇದೇನು ನಿಮ್ಮ ಸಾಹಸ? ಮೊದಲು ಆ ಹಲಗೆಯಲ್ಲಿ ಏನಿದೆ, ಓದಿರಿ."

ಜೀವಮಾನವೆಲ್ಲ ಓದು ಎಂದು ಇತರರನ್ನು ಗದರಿಸಿದ ಮೇಷ್ಟರಿಗೆ ಈ ಮಾತನ್ನು ಕೇಳಿಸಿಕೊಳ್ಳುವ ಯೋಗ ಬಂದಿತು. ಹಲಗೆಯಲ್ಲಿ ಓದುವುದಕ್ಕೆ ಅಕ್ಷರಗಳೇ ಬೇಕಾಗಿರಲಿಲ್ಲ; ಹಿಮದ ಗೋಡೆಯು ಕುಸಿದು ಮನುಷ್ಯರ ಮೇಲೆ ಬೀಳುವ ಚಿತ್ರವನ್ನು ಬರೆದಿದ್ದರು. ಅಳಿಯನು ಮೆಲ್ಲನೆ, "ಇದೇ ನೀಗಾರ್ಡಿನಲ್ಲಿ ೨೦೧೪ರ ಆಗಸ್ಟ್ ತಿಂಗಳಲ್ಲಿ, ಎಚ್ಚರಿಕೆಯ ಗುರುತನ್ನು ದಾಟಿ ಹೋದ ಒಬ್ಬ ಜರ್ಮನ್ ಪ್ರವಾಸಿಯೂ ಅವನ ಹೆಂಡತಿಯೂ ಮಂಜು ಕುಸಿದು ಸತ್ತರು, ಮಾವನವರೇ. ಅವರ ಮಕ್ಕಳೂ ಜೊತೆಯಲ್ಲಿಯೇ ಬಂದಿದ್ದರು, ಮಕ್ಕಳು ಉಳಿದುಕೊಂಡರು" ಎಂದನು. ನಾವು ಕಾಲನ್ನು ಹಿಂದಕ್ಕೆ ತೆಗೆದುಕೊಂಡೆವು. ಮೊಮ್ಮಗನ ಕೈಯನ್ನು ಮೊದಲಿಗಿಂತ ಬಿಗಿಯಾಗಿ ಹಿಡಿದೆವು. ನಿಂತಂತೆ ತೋರುವ ಆ ಹಿಮವು ಒಳಗೊಳಗೇ ಹರಿಯುತ್ತಿರುವುದೆಂಬುದನ್ನು ಪುಸ್ತಕದಲ್ಲಿ ಓದಿದ್ದೆವು. ಎದುರಿಗೆ ನಿಂತಾಗ ಮರೆತಿದ್ದೆವು.

"ಹಾಗಾದರೆ ನಾವು ಇಷ್ಟು ದೂರ ಬಂದದ್ದು ವ್ಯರ್ಥವೇ ತಾತಾ?" ಎಂದು ಹುಡುಗನು ದಾರಿಯುದ್ದಕ್ಕೂ ಕೇಳಿದನು. ಆಗ ನಮ್ಮ ಬಳಿ ಉತ್ತರವಿರಲಿಲ್ಲ. ಸ್ವಲ್ಪ ಮುಖಭಂಗವೂ ಆಗಿದ್ದಿತು.

ಅಲ್ಲಿಂದ ಪ್ರಯಾಣವು ಉತ್ತರದ ಕಡೆಗೆ ಸಾಗಿತು. ಮಹಾಹಿಮದ ಇನ್ನೊಂದು ಪಕ್ಕದಲ್ಲಿ ಲೂಯೆನ್ ಎಂಬ ಊರೂ ಅದರ ಮೇಲ್ಗಡೆಯಲ್ಲಿ ಲೋವಾಟ್ನೆಟ್ ಎಂಬ ಸರೋವರವೂ ಇರುವುವು. ಅಷ್ಟು ರಮಣೀಯವಾದ ನೀರನ್ನು ನಾವು ಬೇರೆಲ್ಲಿಯೂ ನೋಡಿಲ್ಲ. ಅದರ ದಡದಲ್ಲಿ ಒಂದು ಸ್ಮಾರಕವಿದೆ. ೧೯೦೫ರ ಜನವರಿ ತಿಂಗಳ ಒಂದು ರಾತ್ರಿ ಎದುರಿನ ರಾಮ್ನೆಫ್ಯೆಲ್ ಎಂಬ ಬೆಟ್ಟದ ಒಂದು ಭಾಗವು ಕಳಚಿ ಸರೋವರಕ್ಕೆ ಬಿದ್ದಿತು. ಅದರಿಂದೆದ್ದ ತೆರೆಯು ದಡದ ಮನೆಗಳನ್ನು ಗುಡಿಸಿ ಹಾಕಿತು. ೬೧ ಮಂದಿ ಸತ್ತರು. ಸರೋವರದಲ್ಲಿದ್ದ ಹಬೆಯ ದೋಣಿಯನ್ನು ತೆರೆಯು ನೂರಾರು ಮೀಟರು ದೂರ ನೆಲದ ಮೇಲಕ್ಕೆ ಎಸೆಯಿತು. ಬಿದ್ದುದು ಬಿದ್ದಿತು, ಇನ್ನು ಬೀಳಲಾರದೆಂದು ಜನರು ಮತ್ತೆ ಅಲ್ಲಿಯೇ ಮನೆಗಳನ್ನು ಕಟ್ಟಿಕೊಂಡರು. ೧೯೩೬ರ ಸೆಪ್ಟೆಂಬರ್ ತಿಂಗಳಲ್ಲಿ ಅದೇ ಬೆಟ್ಟವು ಮತ್ತೊಮ್ಮೆ ಜಾರಿತು. ಈ ಸಲದ ತೆರೆಯು ಇನ್ನೂ ಎತ್ತರವಾಗಿದ್ದಿತು. ೭೪ ಮಂದಿ ಮೃತರಾದರು. ಮೊದಲ ಸಲ ಎಸೆಯಲ್ಪಟ್ಟ ದೋಣಿಯು ಎರಡನೆಯ ಸಲ ಇನ್ನೂ ಮೇಲಕ್ಕೆ ಹೋಗಿ ಬಿದ್ದಿತು.

ಹೀಗೇಕಾಗುವುದು? ಹಿಮನದಿಯು ಕಣಿವೆಯ ಗೋಡೆಗಳನ್ನು ಕಡಿದಾಗಿ ಕೊರೆದಿತ್ತು. ತಾನಿರುವವರೆಗೆ ಆ ಗೋಡೆಗಳಿಗೆ ಒತ್ತಾಸೆಯೂ ಆಗಿದ್ದಿತು. ಹಿಮವು ಹೋದ ಮೇಲೆ ಗೋಡೆಗಳು ಆಸರೆಯಿಲ್ಲದೆ ನಿಂತುವು. ಬಿರುಕುಗಳಲ್ಲಿ ಮಳೆಯ ನೀರು ಇಳಿಯುವುದು, ಚಳಿಯಲ್ಲಿ ಹೆಪ್ಪುಗಟ್ಟಿ ಉಬ್ಬುವುದು, ಬಿರುಕು ಅಗಲವಾಗುವುದು. ನಮ್ಮ ಹಿರಿಯರು ಬೆಟ್ಟಕ್ಕೆ 'ಅಚಲ' ಎಂದರು, 'ನಗ' ಎಂದರು. ಎರಡಕ್ಕೂ ಚಲಿಸದಿರುವುದೆಂದೇ ಅರ್ಥ. ಮನುಷ್ಯನ ಆಯುಸ್ಸಿನ ಅಳತೆಗೋಲಿನಿಂದ ಅಳೆದಾಗ ಅದು ದಿಟ. ಬೆಟ್ಟದ ಆಯುಸ್ಸಿನ ಅಳತೆಯಲ್ಲಿ ಅಚಲವೂ ಚಲವೇ.

ಮರುದಿನ ಗೈರಾಂಗರ್ ಫಿಯೋರ್ಡಿನಲ್ಲಿ ದೋಣಿಯೇರಿದೆವು. ಒಂದು ಬದಿಯಲ್ಲಿ 'ಏಳು ಅಕ್ಕತಂಗಿಯರು' ಎಂಬ ಜಲಪಾತವು ಏಳು ಎಳೆಗಳಾಗಿ ಬೀಳುವುದು. ಎದುರು ಬದಿಯ ಒಂಟಿ ಜಲಪಾತಕ್ಕೆ 'ಹೆಣ್ಣು ಕೇಳಬಂದವನು' ಎಂದು ಹೆಸರು. ಏಳು ಮಂದಿಯೂ ಒಲ್ಲೆನೆಂದುದರಿಂದ ಪಾಪ, ಅವನು ಕುಡಿತಕ್ಕೆ ಬಿದ್ದನೆಂದು ಕಥೆ. ಆ ಜಲಪಾತದ ನಡುವೆ ಸೀಸೆಯ ಆಕಾರವೂ ಕಾಣುವುದು. "ಏಳರಲ್ಲಿ ಒಬ್ಬಳಾದರೂ ಒಪ್ಪಬಾರದಿತ್ತೇ" ಎಂದು ನಮ್ಮ ಮನೆಯವರು ಮರುಗಿದರು.

ಈ ಬಂಡೆಗಳ ನಡುವೆ, ನೀರಿನಿಂದ ಇನ್ನೂರೈವತ್ತು ಮೀಟರು ಎತ್ತರದಲ್ಲಿ, ಹದ್ದಿನ ಗೂಡಿನಂತೆ ಹಳೆಯ ಬೇಸಾಯದ ಮನೆಗಳುಂಟು. ಸಣ್ಣ ಮಕ್ಕಳು ಕೆಳಗೆ ಬೀಳದಂತೆ ತಾಯಂದಿರು ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರೆಂದು ಅಲ್ಲಿನವರು ಹೇಳುವರು. ಅವುಗಳಲ್ಲಿ ಕ್ನೀವ್ಸ್‌ಫ್ಲೋ ಎಂಬ ಮನೆಯವರು ತಲೆಯ ಮೇಲೆ ತೂಗುತ್ತಿದ್ದ ಬಂಡೆಗೆ ಅಂಜಿ ೧೮೯೮ರಲ್ಲಿ ಅದನ್ನು ಬಿಟ್ಟು ಬಂದರು. ಎದುರಿನ ಸ್ಕಾಗೆಫ್ಲೋ ೧೯೧೬ರಲ್ಲಿ ಬರಿದಾಯಿತು. ಬಿಟ್ಟು ಬರುವಾಗ ಆ ಮನೆಯ ಹೆಂಗಸರಿಗೆ ಹೇಗಿದ್ದಿರಬೇಕು! ಒಲೆಯನ್ನು ಆರಿಸಿ, ಬಾಗಿಲನ್ನು ಮುಚ್ಚಿ, ಆಡುಗಳನ್ನು ಹೊಡೆದುಕೊಂಡು ಇಳಿದಿರಬೇಕು. ಅದೇ ಫಿಯೋರ್ಡುಗಳ ಕೂಟದಲ್ಲಿ ತಾಫಿಯೋರ್ಡ್ ಎಂಬಲ್ಲಿ ೧೯೩೪ರ ಏಪ್ರಿಲ್ ತಿಂಗಳಲ್ಲಿ ಬೆಟ್ಟವು ಜಾರಿ ತೆರೆಯೆದ್ದು ೪೦ ಮಂದಿ ಸತ್ತುದನ್ನು ಕೇಳಿದ ಮೇಲೆ, ಅಂಜಿ ಇಳಿದವರನ್ನು ಹೇಡಿಗಳೆನ್ನಲು ಯಾರಿಗೆ ಬಾಯಿ ಬಂದೀತು?

ಇಂದು ಗೈರಾಂಗರ್ ಊರಿಗೆ ಸಮೀಪದಲ್ಲಿಯೇ ಓಕರ್ನೆಸೆಟ್ ಎಂಬ ಬೆಟ್ಟದ ಪಕ್ಕವು ಬಿರುಕು ಬಿಟ್ಟು ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಜಾರುತ್ತಿದೆ. ಒಂದು ದಿನ ಅದು ಬೀಳುವುದೆಂದು ತಜ್ಞರು ಎಣಿಸಿರುವರು. ಆದುದರಿಂದ ಬೆಟ್ಟದ ಮೈಮೇಲೆಲ್ಲ ಯಂತ್ರಗಳನ್ನು ಹೂಡಿ, ಹಗಲಿರುಳೂ ಅದರ ನಾಡಿಯನ್ನು ಹಿಡಿದು ಕೂತಿರುವರು. ಚಲನೆಯು ಬಿರುಸಾದರೆ ಊರಿನವರಿಗೆ ಎಚ್ಚರಿಕೆಯನ್ನು ಕೊಟ್ಟು ಸ್ಥಳಾಂತರಿಸುವ ಏರ್ಪಾಡಿದೆ. ಊರಿನವರಾದರೋ ಬೆದರದೆ, ಬೆಪ್ಪಾಗಿಯೂ ಇರದೆ, ತಮ್ಮ ತಮ್ಮ ಕೆಲಸಗಳಲ್ಲಿದ್ದಾರೆ.

ಗೃಹಿಣಿಯರಿಗೆ ಪ್ರಿಯವಾದ ನಾಲ್ಕು ಮಾತುಗಳನ್ನು ಇಲ್ಲಿಯೇ ಹೇಳಿಬಿಡುವೆವು. ಶಾಕಾಹಾರಿಗಳು ಅಲ್ಲಿ ಉಪವಾಸ ಬೀಳುವುದಿಲ್ಲ. ಆಲೂಗೆಡ್ಡೆ, ರೊಟ್ಟಿ, ಹಾಲು, ಮೊಸರು ಎಲ್ಲೆಲ್ಲಿಯೂ ದೊರೆಯುವುವು. ಅಲ್ಲಿನವರಿಗೆ ಮೆಚ್ಚಾದ ಕಂದು ಬಣ್ಣದ ಗಿಣ್ಣೊಂದುಂಟು. ಹಾಲನ್ನು ಒಡೆಸಿ ಸೋಸಿದ ತಿಳಿಯನ್ನು ಗಂಟೆಗಟ್ಟಲೆ ಕಾಯಿಸಿ ಇಂಗಿಸಿ ಮಾಡುವರು. ರುಚಿಯು ಸಿಹಿ, ಬಾಯಲ್ಲಿಟ್ಟರೆ ಖೋವಾ ನೆನಪಿಗೆ ಬರುವುದು. ವಾಲ್ದಾಲ್ ಎಂಬಲ್ಲಿ ಕೊಂಡ ಸ್ಟ್ರಾಬೆರಿ ಹಣ್ಣುಗಳ ಪರಿಮಳವು ಗಾಡಿಯನ್ನೆಲ್ಲ ತುಂಬಿತು. ಆದರೆ ಹೋಟೆಲಿನ ಊಟದ ಬೆಲೆಯನ್ನು ರೂಪಾಯಿಗಳಲ್ಲಿ ಲೆಕ್ಕ ಹಾಕಬಾರದು. ಹಾಕಿದರೆ ತುತ್ತು ಇಳಿಯದು. ನಮ್ಮ ಮನೆಯವರು ತಂದಿದ್ದ ಅವಲಕ್ಕಿಯೂ ಚಟ್ನಿಪುಡಿಯೂ ಅನೇಕ ಮಧ್ಯಾಹ್ನಗಳಲ್ಲಿ ನಮ್ಮ ಮಾನವನ್ನು ಕಾಪಾಡಿದುವು. ಬೇಸಗೆಯೆಂದು ನಂಬಿ ಉಣ್ಣೆಯ ಬಟ್ಟೆಯನ್ನೂ ಮಳೆಯ ಅಂಗಿಯನ್ನೂ ಬಿಟ್ಟು ಹೋಗಬಾರದು. ಒಂದೇ ದಿನದಲ್ಲಿ ಮೂರು ಋತುಗಳು ಬಂದು ಹೋಗುವುವು.

ಗೈರಾಂಗರಿನಿಂದ ಸುತ್ತು ದಾರಿಯಾಗಿ ರೂಮ್ಸ್‌ದಾಲ್ ಕಣಿವೆಯನ್ನು ಸೇರಿದೆವು. ಅಲ್ಲಿ ಮಾನ್ನೆನ್ ಎಂಬ ಬೆಟ್ಟವುಂಟು. ಆ ಹೆಸರಿಗೆ ಪುರುಷನೆಂದು ಅರ್ಥ. ಅದರ ಸಡಿಲವಾದ ಒಂದು ಭಾಗಕ್ಕೆ ಜನರು ವೆಸ್ಲೆಮಾನ್ನೆನ್, ಎಂದರೆ 'ಪುಟ್ಟ ಪುರುಷ' ಎಂದು ಹೆಸರಿಟ್ಟಿದ್ದರು. ೨೦೧೪ರ ಅಕ್ಟೋಬರ್ ತಿಂಗಳಲ್ಲಿ, ಈ ಪುಟ್ಟ ಪುರುಷನು ಬೀಳುವನೆಂದು ಎಚ್ಚರಿಕೆಯು ಬಂದಿತು. ಕೆಳಗಿನ ಕೆಲವು ಮನೆಗಳವರನ್ನು ಬೇರೆಡೆಗೆ ಸಾಗಿಸಿದರು. ಅಡಿಯಲ್ಲಿ ಹಾದು ಹೋಗುವ ರೈಲನ್ನೂ ನಿಲ್ಲಿಸಿದರು. ಬೆಟ್ಟವು ಬೀಳಲಿಲ್ಲ. ಜನರು ಮನೆಗೆ ಮರಳಿದರು. ಮತ್ತೆ ಎಚ್ಚರಿಕೆ, ಮತ್ತೆ ಹೊರಡುವುದು, ಮತ್ತೆ ಮರಳುವುದು. ವಾಚಕಿಯರು ಒಮ್ಮೆ ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು: ಹಾಸಿಗೆ ಬಟ್ಟೆ ಕಟ್ಟಿಕೊಂಡು, ಔಷಧದ ಸೀಸೆಗಳನ್ನು ತೆಗೆದುಕೊಂಡು, ಬೀಗ ಹಾಕಿ ಹೊರಡುವುದು, ಕೆಲವು ದಿನಗಳಲ್ಲಿ, ಏನೂ ಆಗಲಿಲ್ಲವೆಂದು ತಿರುಗಿ ಬರುವುದು. ಒಂದು ಸಲವಲ್ಲ, ಎರಡು ಸಲವಲ್ಲ. ಐದು ವರ್ಷಗಳಲ್ಲಿ ಹದಿನಾರು ಸಲ! ಬೆಟ್ಟವೇ ತಮ್ಮನ್ನು ಗೇಲಿ ಮಾಡುತ್ತಿದೆಯೆಂದು ಅವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ೨೦೧೯ರ ಸೆಪ್ಟೆಂಬರ್ ೫ರಂದು, ಹದಿನಾರನೆಯ ಸಲ ಅವರು ಹೊರಗಿದ್ದಾಗ, ಪುಟ್ಟ ಪುರುಷನು ಬಿದ್ದನು. ಕಲ್ಲುಗಳು ಮನೆಗಳವರೆಗೆ ಬರದೆ ಮೇಲೆಯೇ ನಿಂತುವು. ಒಂದು ಜೀವಕ್ಕೂ ಹಾನಿಯಾಗಲಿಲ್ಲ. ಜನರು ಮನೆಗೆ ಮರಳಿದರು.

ಓಂದಾಲ್ಸ್‌ನೆಸ್ ನಿಲ್ದಾಣದಲ್ಲಿ ರೈಲು ಹತ್ತಿ ಆ ಬೆಟ್ಟದ ಅಡಿಯಲ್ಲಿಯೇ ಹಾದು ಹೋದೆವು. ಕಿಟಕಿಯಿಂದ ಅಳಿಯನು ಬೆಟ್ಟದ ಗಾಯವನ್ನು ತೋರಿಸಿ ಈ ಕಥೆಯನ್ನು ಹೇಳಿದನು. ಮೊಮ್ಮಗನು ಬೆರಳು ಮಡಿಸಿ ಎಣಿಸುತ್ತಿದ್ದವನು, "ಹಾಗಾದರೆ ಹದಿನೈದು ಸಲ ಸುಮ್ಮಸುಮ್ಮನೆ ಹೋದರೇ ತಾತಾ?" ಎಂದು ಕೇಳಿದನು.

ನೀಗಾರ್ಡಿನಲ್ಲಿ ಬಾರದ ಉತ್ತರವು ಈಗ ಬಂದಿತು. "ಇಲ್ಲ ಮಗು. ಯಾವುದು ಹದಿನಾರನೆಯ ಸಲವೆಂದು ಮೊದಲೇ ಯಾರಿಗೆ ತಿಳಿದಿತ್ತು? ಹದಿನೈದು ಸಲ ಹೋಗಲು ಬೇಸರಿಸದವನು ಮಾತ್ರ ಹದಿನಾರನೆಯ ಸಲ ಉಳಿಯುವನು. ನಾವು ಹಿಮವನ್ನು ಮುಟ್ಟದೆ ಬಂದುದೂ ಹಾಗೆಯೇ" ಎಂದೆವು.

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ಪರ್ವತಪ್ರವಾಸದ ನಿಯಮಗಳನ್ನು ಒಪ್ಪಿಸತೊಡಗಿದನು. ಹೆಚ್ಚಾಗಿ ಪ್ರಾಣಹಾನಿಯಾಗುತ್ತಿದ್ದುದನ್ನು ಕಂಡು ಆ ದೇಶದ ಪ್ರವಾಸ ಸಂಘದವರು ೧೯೫೦ರ ದಶಕದಲ್ಲಿ ಪ್ರಚುರಪಡಿಸಿದ ಒಂಬತ್ತು ನಿಯಮಗಳವು. ೨೦೧೬ರಲ್ಲಿ ಅವನ್ನು ತಿದ್ದಿ ಹೊಸತುಗೊಳಿಸಿರುವರು. ಎಂಟನೆಯ ನಿಯಮವನ್ನು ಮಗಳು ನಮಗೆ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಸಮಯವಿರುವಾಗಲೇ ಹಿಂದಿರುಗತಕ್ಕದ್ದು, ಹಿಂದಿರುಗುವುದು ಅವಮಾನವಲ್ಲ ಎಂಬುದು ಅದರ ತಾತ್ಪರ್ಯ.

ಆಗ ನಮ್ಮ ಮನಸ್ಸಿನ ಮುಳ್ಳು ಕಳಚಿತು. 'ನಿವೃತ್ತಿ' ಎಂಬ ಶಬ್ದವನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬಿಡಿಸಿ ಬರೆದಿದ್ದೆವು! 'ನಿ' ಎಂಬ ಉಪಸರ್ಗ, 'ವೃತ್' ಎಂಬ ಧಾತು, ಅರ್ಥವು ಹಿಂದಿರುಗುವುದು. ಮುಗಿದು ಹೋಗುವುದೆಂದಲ್ಲ, ತಳ್ಳಲ್ಪಡುವುದೆಂದೂ ಅಲ್ಲ. ಕೆಲಸಕ್ಕೆಂದು ಬೆಳಿಗ್ಗೆ ಹೊರಟವನು ಹೊತ್ತಿರುವಾಗಲೇ ಮನೆಗೆ ಮರಳುವುದು. ಹುಡುಗರಿಗೆ ಅರ್ಥ ಹೇಳಿದ ಮೇಷ್ಟರಿಗೆ ಅರ್ಥವಾಗಬೇಕಾದರೆ ಅಷ್ಟು ದೂರದ ಹಗ್ಗವೊಂದು ಬೇಕಾಯಿತು. ಹಗ್ಗವನ್ನು ತೋರಿಸಿದ ಗೃಹಿಣಿಗೆ ಈ ಪಾಠದ ಮೊದಲ ಕೀರ್ತಿಯು ಸಲ್ಲಬೇಕು. ಅವಳು ಇದನ್ನು ಓದಿ, "ಈಗಲಾದರೂ ಒಪ್ಪಿಕೊಂಡಿರಲ್ಲ" ಎಂದಿರುವಳು.

ರಜೆಯ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೊಳೆಯ ಮಡುವಿಗೂ ಜಲಪಾತದ ತಲೆಗೂ ಹೋಗುವ ವಾಚಕರಲ್ಲಿ ನಮ್ಮದೊಂದು ಬಿನ್ನಹ. ಎಲ್ಲಿಯಾದರೂ ಮೊಣಕಾಲೆತ್ತರದ ಹಗ್ಗವೊಂದು ಕಂಡರೆ, ಆಚೆ ನಗುತ್ತ ನಿಂತವರನ್ನು ನೋಡಬೇಡಿರಿ. ನಿಮ್ಮ ಕೈಯಲ್ಲಿರುವ ಪುಟ್ಟ ಕೈಯನ್ನು ನೋಡಿರಿ. ಹಿಂದಿರುಗಿ ಬಂದು ಬುತ್ತಿಯ ಗಂಟನ್ನು ಬಿಚ್ಚಿರಿ. ನಾವು ಹಾಗೆಯೇ ಮಾಡಿದೆವು. ಹಿಮದ ರುಚಿಯು ನಮಗಿನ್ನೂ ತಿಳಿಯದು. ಆ ದಿನ ಬಂಡೆಯ ಮೇಲೆ ಕುಳಿತು ತಿಂದ ಅವಲಕ್ಕಿಯ ರುಚಿಯು ಮಾತ್ರ ಇನ್ನೂ ನಾಲಗೆಯ ಮೇಲಿದೆ.